ರೂಮ್ ಇದೆಯಾ ಸಾರ್?

ಭಾಗ 1

ಮೊದಲನೇ ಫೋಟೋದಲ್ಲಿ ಇರೋದು ಒಂದು ಕೀ. ಅದಕ್ಕೆ ಕಟ್ಟಿರೋ ಬಿಲ್ಲೆ ಎಷ್ಟು ದೊಡ್ಡದು ನೋಡಿ. ಜೇಬಲ್ಲಿ ಇಟ್ಕೊಂಡು ಮರೆತು ಊರಿಗೆ ಹೊತ್ಕೊಂಡು ಹೋಗ್ಬಾರದು ಅಂತ ಬೇಕಂತಲೇ ಹಂಗೆ ಮಾಡಿರ್ತಾರೆ.

ಈ ಸೀನ್ ನಿಮಗೂ ಗೊತ್ತಿರುತ್ತೆ. ದಸರಾ ರಜೆ. ಬೇಲೂರು, ಹಳೇಬೀಡು ಮುಗಿಸಿ ಜಾವಗಲ್, ಬಾಣಾವರ, ಅರಸೀಕೆರೆ ದಾಟೋ ಹೊತ್ತಿಗೆ ಕತ್ತಲಾಗಿರುತ್ತೆ. ಕಾರಲ್ಲಿ ಅಜ್ಜಿ "ಇನ್ನೆಷ್ಟು ದೂರ್ವೋ" ಅಂತ ನಾಲ್ಕನೇ ಸಲ ಕೇಳಿರ್ತಾರೆ. ತಂಗಿಗೆ ವಾಂತಿ. ಅಪ್ಪ ತಿಪಟೂರಲ್ಲಿ ಬಿ.ಎಚ್. ರೋಡ್ ಪಕ್ಕ ಗಾಡಿ ನಿಲ್ಲಿಸಿ, "ಇಲ್ಲೇ ಉಳ್ಕೊಂಡು ಬೆಳಗ್ಗೆ ಹೋಗೋಣ" ಅಂತಾರೆ. ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ, ಗೊತ್ತಿರಲಿ. ತುಮಕೂರಲ್ಲೂ ಅದೇ ಹೆಸರು, ಶಿವಮೊಗ್ಗದಲ್ಲೂ ಅದೇ ಹೆಸರು, ಯಾಕಂದ್ರೆ ರೋಡೇ ಒಂದು.

ಅಪ್ಪ ಒಬ್ಬರೇ ಇಳಿದು ಒಳಗೆ ಹೋಗ್ತಾರೆ. ಇದು ನಿಯಮ. ಇಡೀ ಫ್ಯಾಮಿಲಿ ಒಟ್ಟಿಗೆ ಇಳಿದ್ರೆ ರೇಟು ಜಾಸ್ತಿ ಹೇಳ್ತಾರೆ ಅನ್ನೋದು ಅಪ್ಪಂದಿರ ನಂಬಿಕೆ. ಕೌಂಟರಲ್ಲಿ ಕೂತವನು ಮೊಬೈಲಿಂದ ತಲೆ ಎತ್ತದೇ ಕೇಳ್ತಾನೆ, "ಎಷ್ಟು ಜನ?" ಐದು ಜನ ಇದ್ರೂ ಅಪ್ಪ "ನಾಲ್ಕು, ಒಂದು ಚಿಕ್ಕದು" ಅಂತಾರೆ. ಆ "ಚಿಕ್ಕದು" ನಾನು. ಆಗ ಪಿಯುಸಿ.

ರೂಮಿಗೆ ಹೋದ ಮೇಲೆ ಮೊದಲು ಬಾತ್‌ರೂಮ್ ನೋಡೋದು ಅಮ್ಮ. ಬಕೆಟ್, ಮಗ್, ಬೆರಳಷ್ಟು ಸೋಪು. ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತು. ರಿಮೋಟಿಗೆ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಟರಿ ನಿಲ್ಲಿಸಿರ್ತಾರೆ. ಹದಿನಾಲ್ಕು ಸ್ವಿಚ್ಚಲ್ಲಿ ಫ್ಯಾನ್ ಯಾವುದು ಅಂತ ಹುಡುಕೋ ಕೆಲಸ ನಮ್ಮದು. ಕಿಟಕಿ ತೆಗೆದ್ರೆ ತೆಂಗಿನ ತೋಟ, ಎಲ್ಲೋ ಕರಟ ಸುಡೋ ವಾಸನೆ.

ನಮ್ಮ ಅಜ್ಜಿ ಮಾತ್ರ ಏನನ್ನೂ ಮುಟ್ಟಲಿಲ್ಲ. ಬ್ಯಾಗಿಂದ ತಮ್ಮದೇ ಹಳೇ ಕಂಬಳಿ ತೆಗೆದು, ಲಾಡ್ಜಿನ ಬೆಡ್‌ಶೀಟ್ ಮೇಲೆ ಹಾಸ್ಕೊಂಡು ಕೂತ್ರು. ನಾನು ನಕ್ಕೆ. ಅಮ್ಮ ನಗಬೇಡ ಅಂತ ಕಣ್ಣಲ್ಲೇ ಹೇಳಿದ್ರು. ಆ ಕಂಬಳಿ ವಿಷಯ ಭಾಗ 6ರಲ್ಲಿ ಬರುತ್ತೆ. ಅದಕ್ಕೇ ಈ ಸರಣಿ ಬರೀತಿರೋದು.

ಭಾಗ 2

ಕೌಂಟರಿನ ಆ ದಪ್ಪ ರಿಜಿಸ್ಟರ್. ಎರಡನೇ ಫೋಟೋ. ಬರೆದಿರೋದು ಕಾಣದ ಹಾಗೆ ಬ್ಲರ್ ಮಾಡಿದೀನಿ, ಕಾಲಂ ಹೆಸರು ಮಾತ್ರ ನೋಡಿ.

ಹೆಸರು. ವಯಸ್ಸು. ಕಾಯಂ ವಿಳಾಸ. ಎಲ್ಲಿಂದ ಬಂದಿರಿ. ಎಲ್ಲಿಗೆ ಹೋಗ್ತೀರಿ. ಬಂದ ಉದ್ದೇಶ. ಸಹಿ.

ನೂರಾರು ರೂಪಾಯಿ ರೂಮಿಗೆ ಇಷ್ಟೆಲ್ಲಾ ಯಾಕೆ ಅಂತ ಯಾವತ್ತಾದ್ರೂ ಅನ್ನಿಸಿದೆಯಾ? ಇದರ ಬೇರು ಹಳೇದು. 1867ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸರಾಯ್ ಕಾಯ್ದೆ ಅಂತ ಒಂದು ಬಂತು. ಸರಾಯ್ ಅಂದ್ರೆ ಪ್ರಯಾಣಿಕರು ತಂಗೋ ಕಟ್ಟಡ. ಅದನ್ನ ನಡೆಸೋನು ಸರ್ಕಾರದಲ್ಲಿ ನೋಂದಣಿ ಮಾಡಿಸ್ಬೇಕು, ಜಾಗ ಚೊಕ್ಕಟವಾಗಿ ಇಡ್ಬೇಕು. ಮ್ಯಾಜಿಸ್ಟ್ರೇಟ್ ಕೇಳಿದ್ರೆ ಹಿಂದಿನ ದಿನ, ಹಿಂದಿನ ರಾತ್ರಿ ಯಾರ್ಯಾರು ಬಂದಿದ್ರು ಅಂತ ವರದಿ ಕೊಡ್ಬೇಕು. 1857ರ ದಂಗೆ ಆಗಿ ಹತ್ತು ವರ್ಷ ಅಷ್ಟೆ. ದಾರಿ ಮೇಲೆ ಓಡಾಡೋ ಅಪರಿಚಿತರು ಅಂದ್ರೆ ಸರ್ಕಾರಕ್ಕೆ ಎಷ್ಟು ಅನುಮಾನ ಇತ್ತು ಅಂತ ಆ ಒಂದು ಸಾಲಿನಲ್ಲೇ ಗೊತ್ತಾಗುತ್ತೆ.

ಈಗ ಆಧಾರ್ ಜೆರಾಕ್ಸ್. ವಿದೇಶಿಯರು ಬಂದು ಉಳ್ಕೊಂಡ್ರೆ ಅದಕ್ಕೆ ಬೇರೆ ಫಾರ್ಮೇ ಇದೆ, ಲಾಡ್ಜಿನವರು ತುಂಬಿ ಕಳಿಸ್ಬೇಕು.

ಆ ಕಾಲಂಗಳನ್ನ ಇನ್ನೊಂದು ಸಲ ಓದಿ. ಅಷ್ಟೆಲ್ಲಾ ಕೇಳೋ ರಿಜಿಸ್ಟರ್ ಒಂದನ್ನ ಮಾತ್ರ ಕೇಳಲ್ಲ. ಯಾವುದು ಅಂತ ಹೊಳೆದ್ರೆ ಸರಿ, ಇಲ್ಲಾಂದ್ರೆ ಮುಂದೆ ಬರುತ್ತೆ.

ಭಾಗ 3

ಲಾಡ್ಜ್ ಇಲ್ಲದ ಕಾಲದಲ್ಲಿ ಜನ ಎಲ್ಲಿ ಮಲಗ್ತಿದ್ರು?

ಮೊದಲ ಉತ್ತರ: ಜಗಲಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಳೇ ಮನೆಗಳನ್ನ ನೋಡಿ. ಬಾಗಿಲಿನ ಎರಡೂ ಕಡೆ ಕಟ್ಟೆ, ಮೇಲೆ ಹೆಂಚಿನ ಇಳಿಜಾರು, ಕಂಬ. ಮನೆಯೊಳಗೆ ಸೇರಿಸೋಕಾಗದ ದಾರಿಹೋಕನಿಗೂ ಮಳೆ ಬೀಳದ ಜಾಗ. ಎರಡನೇದು: ಗುಡಿಯ ಮಂಟಪ, ಊರ ಚಾವಡಿ, ಮಠ. ಮೂರನೇದು: ಛತ್ರ. ಹಳೇ ಕನ್ನಡ ಶಾಸನಗಳಲ್ಲಿ ಸತ್ರ ಅಂತ ಬರುತ್ತೆ. ಬಿಸಿಲಲ್ಲಿ ನಡೆಯೋರಿಗೆ ನೀರು ಕೊಡೋ ಅರವಟ್ಟಿಗೆಯೂ ಬರುತ್ತೆ. ಬಾವಿ ತೋಡಿಸೋದು, ಕೆರೆ ಕಟ್ಟಿಸೋದು, ಸತ್ರ ಇಡಿಸೋದು ಎಲ್ಲಾ ಒಂದೇ ಲೆಕ್ಕದ ಪುಣ್ಯ.

ತುರುವೇಕೆರೆಯ ಚೆನ್ನಕೇಶವ ದೇವಸ್ಥಾನ 1263ರದ್ದು, ಹೊಯ್ಸಳ ಮೂರನೇ ನರಸಿಂಹನ ಕಾಲ. (ಸ್ಕೂಲ್ ಟ್ರಿಪ್ಪಲ್ಲಿ ಎಲ್ಲರೂ ಫಳಫಳ ಅನ್ನೋ ಕರೀ ನಂದಿ ಮುಂದೆ ಫೋಟೋ ಹೊಡೆಸ್ಕೊಂಡು ಬರ್ತಾರೆ, ಕೇಶವನ ಗುಡಿ ಕಡೆ ಯಾರೂ ಹೋಗಲ್ಲ.) ಇದೇ ರಾಜ 1279ರಲ್ಲಿ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಕಾಶಿಗೆ ಹೋಗೋ ಯಾತ್ರಿಕರು ಅಲ್ಲಿನ ತುರುಷ್ಕ ಆಳ್ವಿಕೆಗೆ ತೆರಿಗೆ ಕಟ್ಟಬೇಕಿತ್ತು. ಆ ಖರ್ಚಿಗೆ ಅಂತ ಹೆಬ್ಬಾಳೆ ಅನ್ನೋ ಊರಿನ ಆದಾಯ, ವರ್ಷಕ್ಕೆ 645 ನಿಷ್ಕ, ಬಿಟ್ಟುಕೊಟ್ಟ. ಬರೀ ಕನ್ನಡದವರಿಗಲ್ಲ, ತೆಲುಗರು, ತುಳುವರಿಗೂ ಸೇರಿಸಿ. ಏಳುನೂರೈವತ್ತು ವರ್ಷದ ಹಿಂದಿನ ಟ್ರಾವೆಲ್ ಅಲೋಯನ್ಸ್ ಅನ್ಕೊಳ್ಳಿ.

ಇನ್ನು ಸಾಮಾನ್ಯ ಜನ? ಅವರು ಹೊದ್ಕೊಳೋದನ್ನ ಹೊತ್ಕೊಂಡೇ ಓಡಾಡ್ತಿದ್ರು. ಕಂಬಳಿ. ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕುರಿ ಉಣ್ಣೆ ಕಂಬಳಿ ನೇಯೋದು ಹಳೇ ಕಸುಬು. ಮಳೆ ಬಂದ್ರೆ ಕೊಪ್ಪೆ, ಬಿಸಿಲಾದ್ರೆ ನೆರಳು, ರಾತ್ರಿ ಹಾಸಿಗೆ, ಸಂತೆಗೆ ಹೋದ್ರೆ ರಾಗಿ ಸುರ್ಕೊಳೋಕೆ ಹಾಸು. ಚೆಕ್-ಔಟ್ ಟೈಮ್ ಇಲ್ಲದ ಲಾಡ್ಜು.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಹೇಳಿಕಳಿಸಿದ್ದ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರ್ ಈ ಕಡೆ ಬಂದ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ದಾಟ್ಕೊಂಡು ಹೋದ. ಇಲ್ಲಿನ ತೆಂಗು-ಅಡಿಕೆ ತೋಟ ಹೇಗೆ ಮಾಡ್ತಾರೆ ಅಂತ ಬರ್ಕೊಂಡ. 1807ರಲ್ಲಿ ಲಂಡನ್ನಲ್ಲಿ ಅದು ಮೂರು ಸಂಪುಟದ ಪುಸ್ತಕ ಆಯ್ತು. ಕಂಪನಿ ಸಾಹೇಬ, ಹಾಗಾಗಿ ಡೇರೆ ಜೊತೆಗೇ ಬರ್ತಿತ್ತು. ಡೇರೆ ಹೊತ್ಕೊಂಡು ಬಂದವರು ಎಲ್ಲಿ ಮಲಗಿದ್ರು ಅಂತ ಹುಡುಕೋಕೆ ಹೋದ್ರೆ ಪುಸ್ತಕದಲ್ಲಿ ನಿಮಗೆ ಹೆಚ್ಚೇನೂ ಸಿಗಲ್ಲ.

ಭಾಗ 4

ನಾಲ್ಕನೇ ಫೋಟೋ ತಿಪಟೂರು ಸ್ಟೇಷನ್. ರೈಲು ಬಂದ ಮೇಲೆ ಎಲ್ಲಾ ಬದಲಾಯ್ತು ಅಂತ ಪಾಠದಲ್ಲಿ ಓದ್ತೀವಲ್ಲ, ನಮ್ಮೂರಲ್ಲಿ ಅದು ಅಕ್ಷರಶಃ ನಿಜ.

1876ರಿಂದ 78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ರು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ದಾರಿ ಇರಲಿಲ್ಲ. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂದಾಗ ದಿವಾನ್ ರಂಗಾಚಾರ್ಲು ರೈಲಿಗೆ ಬೆನ್ನು ಬಿದ್ರು. 1884ರಲ್ಲಿ ಬೆಂಗಳೂರಿಂದ ಹೊರಟ ಮೀಟರ್ ಗೇಜ್ ಹಳಿ ತುಮಕೂರು ಮುಟ್ಟಿತು. ಅದನ್ನ ನೋಡೋಕೆ ರಂಗಾಚಾರ್ಲು ಇರಲಿಲ್ಲ, 1883ರಲ್ಲೇ ತೀರ್ಕೊಂಡಿದ್ರು. 1889ರ ಹೊತ್ತಿಗೆ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು ದಾಟಿ ಹರಿಹರಕ್ಕೆ ಹೋಗಿತ್ತು.

ಅಲ್ಲೀತನಕ ಈ ಸೀಮೆಯ ತಾಲ್ಲೂಕು ಕಚೇರಿ ಇದ್ದದ್ದು ಹೊನ್ನವಳ್ಳಿಯಲ್ಲಿ. ಹೊನ್ನವಳ್ಳಿ ಆಗ ದೊಡ್ಡ ಹೆಸರು. ಅಲ್ಲಿನ ಗಂಗಾಪಾಣಿ ಅನ್ನೋ ತೆಂಗಿನ ರುಚಿಯನ್ನ ಹಳೇ ಮೈಸೂರು ಗೆಜೆಟಿಯರಲ್ಲೂ ಬರೆದಿದ್ದಾರೆ. ರೈಲು ಹೊನ್ನವಳ್ಳಿ ಊರೊಳಗೆ ಹೋಗಲಿಲ್ಲ. ಕಚೇರಿ ತಿಪಟೂರಿಗೆ ಬಂತು. ಆ ಊರಿಗೆ ಉಳಿದದ್ದು "ಹೊನ್ನವಳ್ಳಿ ರೋಡ್" ಅನ್ನೋ ಒಂದು ಸ್ಟೇಷನ್ ಬೋರ್ಡು.

ಈ "ರೋಡ್" ಅನ್ನೋ ಪದದ ಬಗ್ಗೆ ಒಂದು ಮಾತು. ಈ ಲೈನಲ್ಲಿ ಸಂಪಿಗೆ ರೋಡ್ ಅಂತಲೂ ಒಂದಿದೆ. ಸ್ಟೇಷನ್ ಹೆಸರಲ್ಲಿ ರೋಡ್ ಅಂತ ಇದ್ರೆ ಅರ್ಥ ಏನಪ್ಪಾ ಅಂದ್ರೆ, ನೀನು ಇಳಿದಿರೋದು ಊರಲ್ಲಲ್ಲ, ಊರಿಗೆ ಹೋಗೋ ದಾರೀಲಿ. ಮಿಕ್ಕಿದ್ದು ನಡಿ. ತುರುವೇಕೆರೆ ಪೇಟೆಗೂ ರೈಲಿಲ್ಲ, ಆ ತಾಲ್ಲೂಕಿನ ಸ್ಟೇಷನ್ನುಗಳು ಬಾಣಸಂದ್ರ, ಅಮ್ಮಸಂದ್ರ. ಚಿಕ್ಕನಾಯಕನಹಳ್ಳಿ ಪೇಟೆಗೂ ಇಲ್ಲ. ರಾತ್ರಿ ಗಾಡೀಲಿ ಇಳಿದವನು ಏನು ಮಾಡ್ತಾನೆ? ಎತ್ತಿನ ಗಾಡಿ ಬೆಳಗ್ಗೆ. ಅಲ್ಲೀವರೆಗೂ ಪ್ಲಾಟ್‌ಫಾರಂ. ರೈಲು ನಮ್ಮ ಕಡೆ ತಂದ ಮೊದಲ ಹೊಸ ಸಮಸ್ಯೆ ಇದು: ಗೊತ್ತಿಲ್ಲದ ಊರಲ್ಲಿ, ನೆಂಟರಿಲ್ಲದ ಕಡೆ, ಅಪರಾತ್ರಿಯಲ್ಲಿ ಬಂದು ಇಳಿಯೋ ಜನ. ನಡ್ಕೊಂಡು ಬರೋನು ಕತ್ತಲಾದ ಕೂಡಲೇ ಯಾವುದಾದ್ರೂ ಹಳ್ಳಿಯಲ್ಲಿ ನಿಲ್ತಾನೆ. ರೈಲು ಹಂಗಲ್ಲ.

ಇದನ್ನ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು ನಮ್ಮ ಪಕ್ಕದ ತಾಲ್ಲೂಕಿನವರೇ ಒಬ್ಬರು. ಗುಬ್ಬಿ ತೋಟದಪ್ಪ. ಹುಟ್ಟಿದ್ದು 1838. ಗುಬ್ಬಿಯಿಂದ ಬೆಂಗಳೂರಿಗೆ ಹೋಗಿ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿದ್ರು. ಮಕ್ಕಳಿರಲಿಲ್ಲ. 1897ರಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ಎದುರೇ ಎರಡೂವರೆ ಎಕರೆ ಜಾಗ ರೈಲ್ವೆಯವರಿಂದ ಹತ್ತು ಸಾವಿರ ರೂಪಾಯಿಗೆ ತಗೊಂಡ್ರು. ಅಲ್ಲಿ ಧರ್ಮಛತ್ರ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಬಂದು ಉದ್ಘಾಟನೆ ಮಾಡಿದ್ರು. ಓದೋ ಹುಡುಗರಿಗೆ ಹಾಸ್ಟೆಲ್ಲೂ ಆಯ್ತು. ಆಸ್ತಿಯೆಲ್ಲಾ ಟ್ರಸ್ಟಿಗೆ ಬರೆದು 1910ರಲ್ಲಿ ತೀರ್ಕೊಂಡ್ರು. ಮೆಜೆಸ್ಟಿಕ್ ಹತ್ರ ಬಸ್ಸಿಳಿದು ಎಷ್ಟು ಸಲ ಆ ಬೋರ್ಡ್ ಮುಂದೆ ಓಡಾಡಿದ್ದೀರೋ. ಗುಬ್ಬಿಯವರು ಅಂತ ಒಂದು ಸಲ ಹೆಮ್ಮೆ ಪಡಿ.

ಭಾಗ 5

ಚಿಕ್ಕ ಭಾಗ. ಐದನೇ ಫೋಟೋ ಒಂದು ಐಬಿ. ಎತ್ತರದ ಸೂರು, ಅಗಲ ವರಾಂಡ, ಕಾಂಪೌಂಡಲ್ಲಿ ಮರಗಳು. ಐಬಿ ಅಂದ್ರೆ ಇನ್‌ಸ್ಪೆಕ್ಷನ್ ಬಂಗಲೆ, ಟಿಬಿ ಅಂದ್ರೆ ಟ್ರಾವೆಲರ್ಸ್ ಬಂಗಲೆ. ಈಗ ಬೋರ್ಡ್ ಮೇಲೆ ಪ್ರವಾಸಿ ಮಂದಿರ ಅಂತ ಇರುತ್ತೆ, ಆದರೆ ಜನ ಐಬಿ ಅಂತಲೇ ಅನ್ನೋದು.

ಊರಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅದೇ ಇರುತ್ತೆ, ಗಮನಿಸಿ. ಪ್ರವಾಸ ಬರೋ ಸಾಹೇಬರು, ಆಮೇಲೆ ಅಮಲ್ದಾರರು, ಇಂಜಿನಿಯರುಗಳು, ಈಗ ಮಂತ್ರಿಗಳು. ನಮ್ಮಪ್ಪ ಒಂದು ಸಲ "ಇಲ್ಲಿ ಸಿಗುತ್ತಾ" ಅಂತ ಕೇಳಿ ನೋಡಿದ್ರು. "ಯಾರ ಲೆಟರ್ ಇದೆ?" ಅಂದ್ರಂತೆ. ಅಷ್ಟೆ. ಮುಂದಕ್ಕೆ ಹೋಗೋಣ.

ಭಾಗ 6

ಇದನ್ನ ಬರೆಯೋಕೆ ಎರಡು ವಾರ ಆಯ್ತು. ಅಜ್ಜಿನ ಕೇಳಿಯೇ ಹಾಕ್ತಿದೀನಿ.

ಹಳೇ ಮೈಸೂರು ಕಡೆಯ ಒಂದು ಪ್ರಶ್ನೆ ನಿಮಗೆಲ್ಲಾ ಗೊತ್ತು. ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಅಪ್ಪನ ಹೆಸರು ಕೇಳ್ತಾರೆ. ಇಷ್ಟರಲ್ಲಿ ಗೊತ್ತಾಗದಿದ್ರೆ ದನಿ ಸ್ವಲ್ಪ ಇಳಿಸಿ, "ಯಾವ ಪೈಕಿ?"

ನಮ್ಮ ತಾತನಿಗೆ ಆಗ ಇಪ್ಪತ್ತು ವರ್ಷ ಇರಬಹುದು, ಐವತ್ತರ ದಶಕದ ಕೊನೆ. ಮನೆಯಲ್ಲಿ ಹರಕೆ ಇತ್ತು. ಮುತ್ತಾತನೂ ತಾತನೂ ಒಂದು ಚೀಲ ತೆಂಗಿನಕಾಯಿ ಹೊತ್ಕೊಂಡು ದೂರದ ಒಂದು ಕ್ಷೇತ್ರಕ್ಕೆ ಹೋದ್ರು. ಯಾವುದು ಅಂತ ಹಾಕಲ್ಲ. ಕತ್ತಲಾಗಿತ್ತು. ಛತ್ರದ ಬಾಗಿಲಲ್ಲಿ ಕೂತಿದ್ದವರು ಊರು ಕೇಳಿದ್ರು, ಹೇಳಿದ್ರು. ಹೆಸರು ಕೇಳಿದ್ರು, ಹೇಳಿದ್ರು. ಆಮೇಲೆ ಆ ಮೂರನೇ ಪ್ರಶ್ನೆ. ಮುತ್ತಾತ ಸುಳ್ಳು ಹೇಳೋ ಜಾಯಮಾನದವರಲ್ಲ. ಛತ್ರದವರು ಬೈಯಲಿಲ್ಲವಂತೆ, ಕೂಗಾಡಲಿಲ್ಲವಂತೆ. "ಆ ಕಡೆ ಹುಣಸೆ ಮರ ಇದೆ, ಅಲ್ಲಿ ಮಲಕ್ಕೊಳಿ" ಅಂತ ಮೆತ್ತಗೇ ಹೇಳಿದ್ರಂತೆ. ತಂದಿದ್ದ ತೆಂಗಿನಕಾಯಿ ಮಾತ್ರ ಬೆಳಗ್ಗೆ ಗುಡಿ ಹೊರಗೇ ನಿಂತವರಿಂದ ಇಸ್ಕೊಂಡ್ರು.

ಆ ರಾತ್ರಿ ಹುಣಸೆ ಮರದ ಕೆಳಗೆ ಹಾಸಿದ್ದು ಕಂಬಳಿ.

ಈಗ ಇಸವಿಗಳನ್ನ ಜೋಡಿಸಿ ನೋಡಿ. ಮೈಸೂರು ಸಂಸ್ಥಾನ 1943ರಲ್ಲೇ ಇಂಥ ತಡೆಗಳನ್ನ ತೆಗೆಯೋಕೆ ಒಂದು ಕಾಯ್ದೆ ಮಾಡಿತ್ತು. 1950ರಲ್ಲಿ ಸಂವಿಧಾನ ಜಾರಿಗೆ ಬಂತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಅಂತ ಒಂದೊಂದೇ ಹೆಸರು ಹಿಡಿದು ಹೇಳುತ್ತೆ, ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಧರ್ಮಶಾಲೆ, ಸರಾಯ್, ಮುಸಾಫಿರಖಾನೆ ಅಂತ ಬರೆಯಿತು, ಅಲ್ಲಿನ ಪಾತ್ರೆ ಬಳಸೋ ಹಕ್ಕನ್ನೂ ಬರೆಯಿತು. ಪಾತ್ರೆ ಅಂತ ಕಾನೂನಲ್ಲಿ ಬರೀಬೇಕಾದ್ರೆ ಆ ಪಾತ್ರೆ ಮುಟ್ಟಬೇಡ ಅಂದವರು ಎಷ್ಟು ಜನ ಇದ್ದಿರಬೇಕು ಯೋಚಿಸಿ.

ನಮ್ಮ ತಾತ ಹುಣಸೆ ಮರದ ಕೆಳಗೆ ಮಲಗಿದ್ದು ಇಷ್ಟೆಲ್ಲಾ ಕಾನೂನು ಬಂದ ಮೇಲೆ.

ಇಂಥ ರಾತ್ರಿ ಕಂಡವರಲ್ಲಿ ಅಂಬೇಡ್ಕರ್ ಕೂಡ ಒಬ್ಬರು. 1917ರಲ್ಲಿ, ನ್ಯೂಯಾರ್ಕ್, ಲಂಡನ್ನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರೋಕೆ ಹೋದಾಗ ಅವರಿಗೆ ತಂಗೋಕೆ ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೊಂಡ್ರು. ಹನ್ನೊಂದನೇ ದಿನ ದೊಣ್ಣೆ ಹಿಡ್ಕೊಂಡು ಒಂದು ಗುಂಪು ಬಂತು. ಆ ಸಂಜೆ ಅವರು ಪಾರ್ಕಲ್ಲಿ ಕೂತು, ರಾತ್ರಿ ರೈಲು ಹತ್ತಿ ಬಾಂಬೆಗೆ ವಾಪಸ್ ಹೋದ್ರು. ಅವರೇ ಬರೆದಿಟ್ಟ ಆತ್ಮಕಥನದ ಭಾಗಗಳಲ್ಲಿ ಇದು ಇದೆ, ಚಿಕ್ಕ ಪುಸ್ತಕ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ. ಅದರಲ್ಲೂ ರಿಜಿಸ್ಟರ್ ಬರುತ್ತೆ, ನೋಡಿ. ಹೆಸರು ಬರೆಯೋ ಆ ಪುಸ್ತಕ.

ಅಮೆರಿಕದಲ್ಲಿ ಇದೇ ಕಷ್ಟ ಕರಿಯರಿಗಿತ್ತು. ನ್ಯೂಯಾರ್ಕಿನ ಹಾರ್ಲೆಮ್ಮಲ್ಲಿ ವಾಸವಿದ್ದ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಒಂದು ಕೈಪಿಡಿ ಹೊರಡಿಸೋಕೆ ಶುರು ಮಾಡಿದ್ರು. ಯಾವ ಊರಲ್ಲಿ ಯಾವ ಹೋಟೆಲ್, ಯಾರ ಮನೆ, ಯಾವ ಪೆಟ್ರೋಲ್ ಬಂಕ್ ನಮ್ಮನ್ನ ಒಳಗೆ ಬಿಡ್ತಾರೆ ಅನ್ನೋ ಪಟ್ಟಿ. ಗ್ರೀನ್ ಬುಕ್ ಅಂತ ಹೆಸರು. 1964ರಲ್ಲಿ ಅಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಅದರ ಅಗತ್ಯ ಕಮ್ಮಿಯಾಯ್ತು. ನಮ್ಮ ಕಡೆ ಅಂಥ ಪುಸ್ತಕ ಅಚ್ಚಾಗಲಿಲ್ಲ, ಆದರೆ ಆ ಪಟ್ಟಿ ಜನರ ಬಾಯಲ್ಲಿ ಇತ್ತು. ಯಾವ ಊರಿಗೆ ಹೋದ್ರೆ ಯಾರ ಹಟ್ಟಿಗೆ ಹೋಗ್ಬೇಕು ಅಂತ ತಾತನಿಗೆ ಕೊನೇವರೆಗೂ ಬಾಯಿಪಾಠ ಇತ್ತು.

ಭಾಗ 7

ನಿನ್ನೆಯ ಭಾಗಕ್ಕೆ ಬಂದ ಮೆಸೇಜ್ ಎಲ್ಲಾ ಓದಿದೀನಿ. "ಛತ್ರ ಕಟ್ಟಿಸಿದವರೆಲ್ಲಾ ಕೆಟ್ಟವರಾ" ಅಂತ ಕ್ಲಾಸ್‌ಮೇಟ್ ಒಬ್ಬ ಕೇಳಿದ. ಇಲ್ಲ ಕಣೋ. ಆ ಕಾಲದ ದಾನ ಬಹಳ ಸಲ ತನ್ನವರಿಗೆ ಅಂತ ಶುರುವಾಗ್ತಿತ್ತು. ಊಟದ ಸಾಲು ಬೇರೆ ಬೇರೆ ಇರ್ತಿತ್ತು. 1900ರ ಆಚೀಚೆ ಒಂದೊಂದು ಸಮುದಾಯವೂ ತನ್ನ ಮಕ್ಕಳು ಪೇಟೆಗೆ ಓದೋಕೆ ಹೋದ್ರೆ ಎಲ್ಲಿರ್ತಾರೆ ಅಂತ ಯೋಚಿಸಿ ಹಾಸ್ಟೆಲ್ ಕಟ್ಟಿಸೋಕೆ ಹೊರಟಿತು. ಒಕ್ಕಲಿಗರ ಸಂಘ ಶುರುವಾಗಿದ್ದು 1906ರಲ್ಲಿ. ಅದರಿಂದ ಸಾವಿರಾರು ಹುಡುಗರು ಓದಿದ್ರು, ಅದು ಸುಳ್ಳಲ್ಲ. ಹಾಗೇನೇ ಎಲ್ಲಾ ಜಾತಿ, ಎಲ್ಲಾ ಧರ್ಮದ ಮಕ್ಕಳನ್ನೂ ಒಂದೇ ಕಡೆ ಇಟ್ಕೊಂಡು ಅನ್ನ, ಪಾಠ ಕೊಟ್ಟ ಜಾಗವೂ ನಮ್ಮ ಜಿಲ್ಲೆಯಲ್ಲೇ ಇದೆ, ಸಿದ್ಧಗಂಗಾ ಮಠ. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಬಿಟ್ಟಿ ಛತ್ರದಲ್ಲಿ ಸಿಗದ ಮರ್ಯಾದೆ ದುಡ್ಡಿನ ಲಾಡ್ಜಲ್ಲಿ ಸಿಕ್ಕಿತು ಅಂತ ನಮ್ಮ ತಾತ ನಂಬಿದ್ರು.

1948ರಲ್ಲಿ ಮೈಸೂರು ಸರ್ಕಾರ ತನ್ನದೇ ಬಸ್ ಇಲಾಖೆ ಶುರು ಮಾಡಿತು, 1961ರಲ್ಲಿ ಅದು ನಿಗಮ ಆಯ್ತು, ಇವತ್ತಿನ ಕೆಂಪು ಬಸ್ಸಿನ ಮೂಲ. ರೈಲಿಲ್ಲದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಬಸ್ ಬಂತು. ಬಸ್‌ಸ್ಟ್ಯಾಂಡ್ ಬಂದ ಕಡೆ ಎದುರಿಗೇ ಕೆಳಗೆ ಹೋಟ್ಲು, ಮೇಲೆ ರೂಮು. ಬೋರ್ಡು: ಬೋರ್ಡಿಂಗ್ ಅಂಡ್ ಲಾಡ್ಜಿಂಗ್. ಇಂಗ್ಲಿಷಲ್ಲಿ ಹೋಟೆಲ್ ಅಂದ್ರೆ ಮಲಗೋ ಜಾಗ, ನಮಗೆ ಹೋಟ್ಲು ಅಂದ್ರೆ ಇಡ್ಲಿ ತಿನ್ನೋ ಜಾಗ. ಮಲಗೋಕೆ ಬೇರೆ ಪದ ಬೇಕಾಯ್ತು, ಹಂಗಾಗಿ ಲಾಡ್ಜು. ಆ ಪದಕ್ಕೆ ಸಿನಿಮಾದವರು, ಪೇಪರ್‌ನವರು ಸೇರಿ ಕೆಟ್ಟ ಹೆಸರು ತಂದ್ರು. ಅದಕ್ಕೇ ಈಗ ರೆಸಿಡೆನ್ಸಿ, ಕಂಫರ್ಟ್ಸ್ ಅಂತೆಲ್ಲಾ ಬೋರ್ಡು. ಒಬ್ಬಳೇ ಹೋಗೋ ಹುಡುಗಿಯನ್ನ ಕೌಂಟರಲ್ಲಿ ಇವತ್ತಿಗೂ ಹೇಗೆ ನೋಡ್ತಾರೆ ಅಂತ ನನ್ನ ಫಾಲೋ ಮಾಡೋ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ. ಎಗ್ಸಾಂ ಬರೆಯೋಕೆ ಬೇರೆ ಊರಿಗೆ ಹೋದ ನನ್ನ ಫ್ರೆಂಡಿಗೆ "ಜೊತೆಗೆ ಯಾರೂ ಇಲ್ವಾ? ಹಂಗಾದ್ರೆ ರೂಮ್ ಇಲ್ಲ" ಅಂದಿದ್ದಾರೆ. ಕೀಗಳೆಲ್ಲಾ ಅವಳ ಕಣ್ಣೆದುರೇ ನೇತಾಡ್ತಿದ್ವು.

ತಾತ ಮೊದಲ ಸಲ ಲಾಡ್ಜಿಗೆ ಹೋಗಿದ್ದು ಅಜ್ಜಿ ಜೊತೆ, ಅಪ್ಪನನ್ನ ಆಸ್ಪತ್ರೆಗೆ ತೋರಿಸೋಕೆ ಅಂತ ಹೋದಾಗ. ರಿಜಿಸ್ಟರ್ ತಿರುಗಿಸಿ ಮುಂದಿಟ್ರಂತೆ. ತಾತ ಒಂದೊಂದೇ ಕಾಲಂ ತುಂಬಿದ್ರು. ಹೆಸರು, ವಿಳಾಸ, ಬಂದ ಉದ್ದೇಶ. ಕೊನೇ ಕಾಲಂ ಆದ ಮೇಲೂ ಪೆನ್ನು ಹಿಡ್ಕೊಂಡೇ ನಿಂತಿದ್ರಂತೆ, ಇನ್ನೊಂದು ಪ್ರಶ್ನೆ ಬರುತ್ತೆ ಅಂತ. ಕೌಂಟರಿನವರು ಅಡ್ವಾನ್ಸ್ ತಗೊಂಡು ಕೀ ಕೊಟ್ರು. ಅಷ್ಟೇ. ರೂಮಿಗೆ ಹೋಗಿ ತಾತ ಮಂಚದ ಮೇಲೆ ಕಾಲು ಚಾಚಿ ಮಲಗಿ, "ಇಲ್ಲಿ ದುಡ್ಡಿನ ಜಾತಿ ಒಂದೇ ಕೇಳೋದು ಕಣೇ" ಅಂದ್ರಂತೆ. ಆಮೇಲೆ ಎಲ್ಲಿಗೆ ಹೋದ್ರೂ, ಕೈಲಿ ಕಾಸಿಲ್ಲದಿದ್ರೂ, ಲಾಡ್ಜೇ. ಬಿಟ್ಟಿ ಜಾಗಕ್ಕೆ ಕರೆದ್ರೂ ಹೋಗ್ತಿರಲಿಲ್ಲ.

ಎಲ್ಲರಿಗೂ ಹಿಂಗೇ ಆಯ್ತು ಅಂತ ನಾನು ಹೇಳಲ್ಲ. ಇವತ್ತು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋ ಸೀನಿಯರ್ಸ್‌ನ ಕೇಳಿ, "ವೆಜಿಟೇರಿಯನ್ಸಿಗೆ ಮಾತ್ರ" ಅನ್ನೋ ಬೋರ್ಡಲ್ಲಿ ಯಾವ ಪ್ರಶ್ನೆ ಅಡಗಿದೆ ಅಂತ ಅವರಿಗೆ ಗೊತ್ತು. ಒಂದು ರಾತ್ರಿಗೆ ಕೇಳದ್ದನ್ನ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಕೇಳ್ತಾರೆ.

ಭಾಗ 8

ದುಡ್ಡಿನ ಜಾತಿಯ ಮಾತು ಬಂತಲ್ಲ, ಅದನ್ನೂ ಸ್ವಲ್ಪ ನೋಡೋಣ. ಎಂಟನೇ ಫೋಟೋ ಕೊಬ್ಬರಿ ಚೀಲಗಳು.

ಹೊರಗಿನ ಫ್ರೆಂಡ್ಸಿಗೆ: ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನ ಕಿತ್ತು ಅಟ್ಟಕ್ಕೆ ಹಾಕ್ತೀವಿ. ಹತ್ತು-ಹನ್ನೆರಡು ತಿಂಗಳು ಅಲ್ಲೇ. ಒಳಗಿನ ನೀರೆಲ್ಲಾ ಇಂಗಿ, ಅಲ್ಲಾಡಿಸಿದ್ರೆ ಗೊಟಗೊಟ ಅಂತ ಕೊಬ್ಬರಿ ಒಡೆಯದೇ ಉಂಡೆಯಾಗಿ ಆಡುತ್ತೆ. ಆಮೇಲೆ ಸುಲಿದು, ಕರಟ ಬಿಡಿಸಿ, ಚೀಲ ತುಂಬಿ ತಿಪಟೂರು ಮಾರ್ಕೆಟ್ಟಿಗೆ. ಒಂದು ವರ್ಷ ಕಾದ ಬೆಳೆ, ಒಂದು ದಿನದ ಹರಾಜು.

ಹಿಂದೆ ಗಾಡಿ ಕಟ್ಕೊಂಡು ಬರೋ ರೈತರು ಹಿಂದಿನ ರಾತ್ರಿಯೇ ಬಂದು ಮಂಡಿ ವರಾಂಡದಲ್ಲಿ, ಗಾಡಿ ಕೆಳಗೆ ಮಲಗ್ತಿದ್ರು ಅಂತ ಊರಲ್ಲಿ ಹಿರಿಯರು ಹೇಳ್ತಾರೆ. ರೂಮಿಗೆ ಕೊಡೋ ದುಡ್ಡಿರಲಿಲ್ಲ, ಇದ್ರೂ ಚೀಲ ಬಿಟ್ಟು ಹೋಗೋ ಧೈರ್ಯ ಇರಲಿಲ್ಲ. ಅದೇ ರಾತ್ರಿ ಮಾಲು ಕೊಳ್ಳೋಕೆ ಬಂದ ವ್ಯಾಪಾರಿ ಲಾಡ್ಜಲ್ಲಿ ಫ್ಯಾನ್ ಕೆಳಗೆ.

ಇದು ಹಳೇ ಕಥೆ ಅನ್ಕೋಬೇಡಿ. 2024ರ ಶುರುವಲ್ಲಿ ಕೊಬ್ಬರಿ ರೇಟ್ ಬಿದ್ದಿದ್ದು ನಿಮಗೆಲ್ಲಾ ನೆನಪಿದೆ. ಉಂಡೆ ಕೊಬ್ಬರಿಗೆ ಆ ಸಾಲಿನ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಆ ಬೆಲೆಗೆ ನಾಫೆಡ್ ಮೂಲಕ ಮಾರಬೇಕಾದ್ರೆ ಹೆಸರು ನೋಂದಾಯಿಸ್ಬೇಕು. ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯಿಂದಲೇ ಸಾಲು ನಿಂತ್ರು. ಪಹಣಿ, ಆಧಾರ್ ಜೆರಾಕ್ಸ್ ತಲೆದಿಂಬು ಮಾಡ್ಕೊಂಡು, ಟವೆಲ್ ಹಾಸ್ಕೊಂಡು ಮಲಗಿದ್ರು. ಲಾಡ್ಜಲ್ಲೂ ಆಧಾರ್ ಜೆರಾಕ್ಸೇ ಕೇಳೋದು.

ಒಂದು ಪುಟ್ಟ ವಿಷಯ, ಬೋರ್ಡುಗಳಲ್ಲಿ ರೂಮ್ 999 ಅಂತ ಯಾಕಿರುತ್ತೆ ಗೊತ್ತಾ? 2022ರ ಜುಲೈವರೆಗೆ ದಿನಕ್ಕೆ ಸಾವಿರಕ್ಕಿಂತ ಕಮ್ಮಿ ಬಾಡಿಗೆಯ ರೂಮಿಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ 12 ಪರ್ಸೆಂಟ್ ಹಾಕಿದ್ರು, 2025ರ ಸೆಪ್ಟೆಂಬರಲ್ಲಿ 5ಕ್ಕೆ ಇಳಿಸಿದ್ರು. ತೆರಿಗೆ ಲೆಕ್ಕ ಬದಲಾದ್ರೂ 999 ಮಾತ್ರ ಬೋರ್ಡ್ ಮೇಲೆ ಹಂಗೇ ಕೂತಿದೆ.

ಭಾಗ 9

ಕೊನೇ ಫೋಟೋ. ಬೆಳಗ್ಗೆ ಆರೂವರೆ, ರೂಮ್ ನಂಬರ್ 204ರ ಕಿಟಕಿ.

ಬಿಸಿನೀರಿಗೆ ಅಪ್ಪ ಬಕೆಟ್ ಹಿಡ್ಕೊಂಡು ಕಾಯ್ತಿದ್ರು. ಅಮ್ಮ ರಾತ್ರಿ ಒಗೆದ ಟವೆಲನ್ನ ಕಿಟಕಿ ಸರಳಿಗೆ ಕಟ್ಟಿ ಒಣಗಿಸ್ತಿದ್ರು. ಕೆಳಗೆ ಹೋಟ್ಲಲ್ಲಿ ತಟ್ಟೆ ಇಡ್ಲಿ ಬೇಯ್ತಿದ್ದ ವಾಸನೆ. ಅಜ್ಜಿ ಎದ್ದು ಕಂಬಳಿ ಕೊಡವಿ ನಾಲ್ಕು ಮಡಿಕೆ ಮಡಚಿದ್ರು. ಆಗ ನಾನು ಕೇಳಿದೆ, "ಅಜ್ಜಿ, ತಾತಂಗೆ ಲಾಡ್ಜಂದ್ರೆ ಅಷ್ಟು ಇಷ್ಟ ಇತ್ತಲ್ಲ, ನೀನ್ಯಾಕೆ ಅವರ ಹಾಸಿಗೆ ಮೇಲೆ ಮಲಗಲ್ಲ?"

"ನಿಮ್ಮ ತಾತಂಗೆ ಯಾರೂ ಕೇಳಲ್ಲ ಅನ್ನೋ ಧೈರ್ಯ ಬಂದಿತ್ತು. ನಂಗೆ ಬರ್ಲಿಲ್ಲ ಮಗ. ಎಬ್ಬಿಸಿಬಿಟ್ರೆ ಸುರುಳಿ ಸುತ್ಕೊಂಡು ಹೊರಡೋಕೆ ನಮ್ಮದೇ ಇದ್ರೆ ಸಲೀಸು" ಅಂದ್ರು. ಎಂಬತ್ತರ ಹತ್ತಿರದ ವಯಸ್ಸು. ಪೂರಾ ಬಾಡಿಗೆ ಕಟ್ಟಿರೋ ರೂಮು.

ಕೌಂಟರಲ್ಲಿ ಕೀ ಕೊಡುವಾಗ ರಿಜಿಸ್ಟರ್ ತೆರೆದೇ ಇತ್ತು. ಅಪ್ಪ ರಾತ್ರಿ ನಮ್ಮೆಲ್ಲರ ಹೆಸರು ಬರೆದಿದ್ರು, ಬಂದ ಉದ್ದೇಶ ಅನ್ನೋ ಕಡೆ "ಪ್ರವಾಸ" ಅಂತ. ಅಜ್ಜಿಗೆ ಓದೋಕೆ ಬರಲ್ಲ. ತಮ್ಮ ಹೆಸರು ಎಲ್ಲಿದೆ ತೋರಿಸು ಅಂದ್ರು. ಬೆರಳಿಟ್ಟು ತೋರಿಸಿದೆ. ಅದರ ಮುಂದೆ ಏನು ಬರೆದವ್ರೆ ಅಂತ ಕೇಳಿದ್ರು. ವಯಸ್ಸು ಅಂದೆ. ಅದರ ಮುಂದೆ? ಊರು ಅಂದೆ. ಅದರ ಮುಂದೆ?

ಅಷ್ಟೇ ಅಜ್ಜಿ, ಮುಂದೆ ಸಹಿ.

ನಿಮ್ಮ ಮನೆಯಲ್ಲಿ ಹಳೇ ಲಾಡ್ಜ್ ರಸೀದಿ, ಛತ್ರದ ಚೀಟಿ, ಐಬಿ ಮುಂದೆ ತೆಗೆಸ್ಕೊಂಡ ಫೋಟೋ ಇದ್ರೆ ಕಳಿಸಿ. ತಾತ-ಅಜ್ಜಿ ಇದ್ರೆ, ಮೊದಲ ಸಲ ಪರವೂರಲ್ಲಿ ರಾತ್ರಿ ಎಲ್ಲಿ ಮಲಗಿದ್ರಿ ಅಂತ ಕೇಳಿ ನೋಡಿ. ಮುಂದಿನ ವಾರ ಚಿಕ್ಕನಾಯಕನಹಳ್ಳಿ ಕಂಬಳಿ ಮಗ್ಗದ ಹತ್ರ ಹೋಗ್ತಿದೀನಿ, ಯಾರು ಬರ್ತೀರಿ?

#ಕಲ್ಪತರುನಾಡು #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ನಮ್ಮೂರಚರಿತ್ರೆ